ಹದಿನೈದು ಅರ್ಜಿ ಹಾಕಿದರೆ ಒಂದಾದರೂ ಸಿಗದೇ?

ಅಮೆರಿಕದಲ್ಲಿ ಪದವಿ ಓದಲು ಅರ್ಜಿ ಹಾಕುವ ಮಕ್ಕಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಈ ಹುಡುಗ ತಂದೆಯೊಂದಿಗೆ ನನ್ನಲ್ಲಿಗೆ ಬಂದದ್ದು 2024ರ ಜೂನ್ ತಿಂಗಳಲ್ಲಿ. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಅವನ ದ್ವಿತೀಯ ಪಿಯುಸಿ ಆಗಷ್ಟೇ ಶುರುವಾಗಿತ್ತು. ತಂದೆ ಅಡಿಕೆ ಬೆಳೆಗಾರರು, ತಾಯಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಲೆಕ್ಕಗಳನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ಈ ಪ್ರಕರಣದಲ್ಲಿ ಲೆಕ್ಕವೇ ಮುಖ್ಯ.

ಅವನು ಕುಳಿತವನೇ ಲ್ಯಾಪ್‌ಟಾಪ್ ತೆರೆದು ಒಂದು ಎಕ್ಸೆಲ್ ಹಾಳೆ ತೋರಿಸಿದ. ಅದರಲ್ಲಿ ಅಮೆರಿಕದ ಹದಿನೈದು ವಿಶ್ವವಿದ್ಯಾಲಯಗಳ ಹೆಸರುಗಳು, ಪ್ರತಿಯೊಂದರ ಮುಂದೆ ಹಿಂದಿನ ಪ್ರವೇಶದ ಅಂಕಿಗಳು ಇದ್ದವು. ಹಾರ್ವರ್ಡ್‌ನಲ್ಲಿ 54,008 ಅರ್ಜಿಗಳಲ್ಲಿ 1,937 ಆಯ್ಕೆ, ಎಂಐಟಿಯಲ್ಲಿ 28,232ರಲ್ಲಿ 1,275, ಹೀಗೆ. "ಮೇಡಂ, ಸರಾಸರಿ ಶೇ. 4 ಅಂತ ಹಿಡಿದಿದ್ದೇನೆ. ಒಂದು ಕಡೆ ಸಿಗದೇ ಇರುವ ಸಾಧ್ಯತೆ 0.96. ಅದನ್ನು ಹದಿನೈದು ಸಲ ಗುಣಿಸಿದರೆ 0.54. ಅಂದರೆ ಒಂದಾದರೂ ಸಿಗುವ ಸಾಧ್ಯತೆ ಶೇ. 46. ಸರಿ ಅಲ್ವಾ?" ಎಂದು ಕೇಳಿದ. ತಂದೆ ಮಾತಾಡಲಿಲ್ಲ, ಆದರೆ ಆ ಶೇ. 46ರ ಮೇಲೆ ಅವರು ಈಗಾಗಲೇ ಏನನ್ನೋ ಕಟ್ಟಿಕೊಂಡಿದ್ದಾರೆ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು.

ಗುಣಾಕಾರ ಸರಿಯಾಗಿತ್ತು, ತಪ್ಪಿದ್ದುದು ಅದಕ್ಕೆ ಆಧಾರವಾದ ಎರಡು ಊಹೆಗಳಲ್ಲಿ. ಆಯ್ಕೆಯಾದ ಆ 1,937 ಮಂದಿಯಲ್ಲಿ ತರಬೇತುದಾರರು ಮೊದಲೇ ಆರಿಸಿಟ್ಟ ಕ್ರೀಡಾಪಟುಗಳೂ ಹಳೆಯ ವಿದ್ಯಾರ್ಥಿಗಳ ಮಕ್ಕಳೂ ಇರುತ್ತಾರೆ, ಬಹುಪಾಲು ಮಂದಿ ಅಮೆರಿಕದವರೇ ಆಗಿರುತ್ತಾರೆ. ಆದ್ದರಿಂದ ಒಟ್ಟು ಪ್ರಮಾಣವು ಹೊರದೇಶದ ಅಭ್ಯರ್ಥಿಯ ಪ್ರಮಾಣವಲ್ಲ. ಎಂಐಟಿ ತನ್ನ ಅಂಕಿಗಳನ್ನು ಬೇರ್ಪಡಿಸಿ ಪ್ರಕಟಿಸುತ್ತದೆ, ಅಲ್ಲಿ ವಿದೇಶಿ ಅರ್ಜಿದಾರರಲ್ಲಿ ಪ್ರವೇಶ ಸಿಗುವುದು ನೂರಕ್ಕೆ ಸುಮಾರು ಇಬ್ಬರಿಗೆ. ಶೇ. 4ರ ಬದಲು 2 ಹಾಕು ಎಂದೆ. ಅವನು ಹಾಕಿದ, 46 ಇದ್ದದ್ದು 26ಕ್ಕೆ ಇಳಿಯಿತು. ಎರಡನೆಯ ಊಹೆಯನ್ನು ನಾನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. "ಈ ಹದಿನೈದು ಪ್ರವೇಶ ಕಚೇರಿಗಳೂ ಓದುವುದು ಯಾರ ಅರ್ಜಿಯ ಕಡತವನ್ನು?" ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವು ಸ್ವತಂತ್ರ ಘಟನೆಗಳಲ್ಲ" ಎಂದ. ಒಂದು ಕಡೆ ತೆಳುವಾಗಿ ಕಂಡ ಕಡತ ಉಳಿದ ಹದಿನಾಲ್ಕು ಕಡೆಯೂ ತೆಳುವಾಗಿಯೇ ಕಾಣುತ್ತದೆ. ಅರ್ಜಿಗಳ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ಅದು ದಪ್ಪವಾಗುವುದಿಲ್ಲ.

ಆ ಬಳಿಕ ತಂದೆಯ ಕಡೆ ತಿರುಗಿ, ವರ್ಷಕ್ಕೆ ಎಷ್ಟು ಕೊಡಲು ಸಾಧ್ಯ ಎಂದು ವಿಚಾರಿಸಿದೆ. ಈ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಬೇಕೆಂಬುದನ್ನು ನಾನು ಅನುಭವದಿಂದ ಕಲಿತಿದ್ದೇನೆ, ಏಕೆಂದರೆ ಮನೆಗಳಲ್ಲಿ ಅದನ್ನು ಯಾರೂ ಕೇಳಿರುವುದಿಲ್ಲ. ಅವರು ಲೆಕ್ಕ ಹಾಕಿ ಆರು ಲಕ್ಷ ರೂಪಾಯಿ ಎಂದರು. ಈ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 80ರಿಂದ 90 ಸಾವಿರ ಡಾಲರ್, ಎಂದರೆ ಎಪ್ಪತ್ತು ಲಕ್ಷ ರೂಪಾಯಿಯ ಆಸುಪಾಸು. ಹಾಗಾಗಿ ಅವನ ಪ್ರಶ್ನೆ 'ನನಗೆ ಸೀಟು ಸಿಗುತ್ತದೆಯೇ' ಎಂಬುದಾಗಿರದೆ 'ಹೆಚ್ಚುಕಡಿಮೆ ಪೂರ್ತಿ ನೆರವಿನೊಂದಿಗೆ ಸೀಟು ಸಿಗುತ್ತದೆಯೇ' ಎಂಬುದಾಗಿತ್ತು. ಇವೆರಡರ ನಡುವಿನ ಅಂತರ ಬಹಳ ದೊಡ್ಡದು.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆಮ್ಹರ್ಸ್ಟ್, ಬೋಡನ್, ಅದೇ ವರ್ಷದಿಂದ ಬ್ರೌನ್, ಹೀಗೆ ಬೆರಳೆಣಿಕೆಯ ಸಂಸ್ಥೆಗಳು ಮಾತ್ರ ವಿದೇಶಿ ವಿದ್ಯಾರ್ಥಿಯ ಅರ್ಜಿಯನ್ನು ತೂಗುವಾಗ ಕುಟುಂಬದ ಹಣಬಲವನ್ನು ನೋಡುವುದಿಲ್ಲ, ಆಯ್ಕೆ ಮಾಡಿದ ಮೇಲೆ ಕೊರತೆಯನ್ನು ತಾವೇ ತುಂಬಿಕೊಡುತ್ತವೆ. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಕಾರ್ನೆಲ್, ಪೆನ್ಸಿಲ್ವೇನಿಯಾದಂಥವು ನೆರವು ಕೊಡುತ್ತವೆ, ಆದರೆ ನೆರವು ಕೇಳಿದ್ದನ್ನು ಆಯ್ಕೆಯ ಹಂತದಲ್ಲೇ ಗಣನೆಗೆ ತೆಗೆದುಕೊಳ್ಳುತ್ತವೆ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರಿಗೆ ಅಗತ್ಯ ಆಧಾರಿತ ನೆರವು ಇಲ್ಲವೆಂದೇ ತಿಳಿಯಬೇಕು. ಹುಡುಗನ ಪಟ್ಟಿಯಲ್ಲಿ ಅಂಥವು ಮೂರಿದ್ದವು, ಅವನ್ನು ಅಳಿಸಿದ.

ತಂದೆ ತಾವಾಗಿಯೇ ಮೊದಲ ಬಾರಿ ಮಾತೆತ್ತಿದ್ದು ಆಗ. ನ್ಯೂಜೆರ್ಸಿಯಲ್ಲಿರುವ ಹುಡುಗನ ಸೋದರಮಾವ ಒಂದು ಉಪಾಯ ಹೇಳಿಕೊಟ್ಟಿದ್ದರಂತೆ: ಅರ್ಜಿಯಲ್ಲಿ ನೆರವು ಬೇಡವೆಂದು ಗುರುತು ಹಾಕುವುದು, ಸೀಟು ಸಿಕ್ಕ ಮೇಲೆ ಕಷ್ಟ ಹೇಳಿಕೊಳ್ಳುವುದು. ಇದನ್ನು ಮಾಡಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ. ಅರ್ಜಿಯ ವೇಳೆ ನೆರವು ಕೇಳದ ವಿದೇಶಿ ವಿದ್ಯಾರ್ಥಿ ನಾಲ್ಕು ವರ್ಷವೂ ಕೇಳುವಂತಿಲ್ಲ ಎಂಬ ನಿಯಮ ಸ್ಟ್ಯಾನ್‌ಫರ್ಡ್‌ನಲ್ಲಿದೆ, ಇನ್ನೂ ಹಲವೆಡೆ ಇದೆ. ಅಲ್ಲದೆ ವೀಸಾಕ್ಕೆ ಬೇಕಾದ ಐ-20 ಪತ್ರ ಕೈಗೆ ಬರಬೇಕಾದರೆ ಮೊದಲ ವರ್ಷದ ಹಣ ಎಲ್ಲಿದೆ ಎಂದು ತೋರಿಸಲೇಬೇಕು. ಅಲ್ಲಿಯೇ ನೆಲೆಸಿದವರ ಸಲಹೆಯಲ್ಲಿ ಪ್ರೀತಿ ಇರುತ್ತದೆ, ಆದರೆ ಎಂ.ಎಸ್. ಓದಲು ಸಾಲ ಮಾಡಿ ಹೋದವರಿಗೆ ಪದವಿ ಪ್ರವೇಶದ ಕಟ್ಟಳೆಗಳು ತಿಳಿದಿರಬೇಕೆಂದೇನೂ ಇಲ್ಲ.

ಇನ್ನು ಕಡತದ ವಿಷಯ. ಎಸ್ಸೆಸ್ಸೆಲ್ಸಿಯಲ್ಲೂ ಪ್ರಥಮ ಪಿಯುಸಿಯಲ್ಲೂ ಶೇ. 97ಕ್ಕಿಂತ ಹೆಚ್ಚು ಅಂಕಗಳಿದ್ದವು, ಗಣಿತ ಒಲಿಂಪಿಯಾಡ್‌ನ ಪ್ರಾದೇಶಿಕ ಹಂತಕ್ಕೆ ಒಮ್ಮೆ ಹೋಗಿಬಂದಿದ್ದ. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ 1600ಕ್ಕೆ 1430 ಬಂದಿತ್ತು: ಗಣಿತದಲ್ಲಿ 790, ಓದು-ಬರಹದಲ್ಲಿ 640. ಎಂಐಟಿ, ಹಾರ್ವರ್ಡ್, ಡಾರ್ಟ್‌ಮತ್, ಬ್ರೌನ್ ಆ ಹೊತ್ತಿಗೆ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದ್ದವು, ಹಾಗಾಗಿ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಬರೆಯಲೇಬೇಕೆಂದೆ. ಬೆಂಗಳೂರಿನ ಸಂಸ್ಥೆಯೊಂದಕ್ಕೆ ಹಣ ಕೊಟ್ಟು ಅವರು ಬರೆಸಿಕೊಂಡಿದ್ದ ಪ್ರಬಂಧ 'ನಾಯಕತ್ವ'ದ ಬಗ್ಗೆ ಇತ್ತು. ಹುಡುಗನ ಹೆಸರಿನಲ್ಲಿ ಎರಡು ತಿಂಗಳ ಹಿಂದೆ ಹುಟ್ಟಿದ ಸೇವಾಸಂಸ್ಥೆಯೂ ಒಂದಿತ್ತು. ಓದುತ್ತ ಹೋದಂತೆ ಎದುರಿಗೆ ಕುಳಿತ ಹುಡುಗ ಅದರಲ್ಲಿ ಎಲ್ಲಿಯೂ ಕಾಣಲಿಲ್ಲ.

ಮಳೆಗಾಲದಲ್ಲಿ ಮನೆಯಲ್ಲಿ ಏನು ಮಾಡುತ್ತೀ ಎಂದು ಸುಮ್ಮನೆ ಕೇಳಿದೆ. ಅವನ ಅಜ್ಜ 31 ವರ್ಷ ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದಿಟ್ಟಿದ್ದರಂತೆ. ಅಜ್ಜ ತೀರಿಕೊಂಡ ಮೇಲೆ ಹುಡುಗ ಆ ಡೈರಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಅಡಿಕೆಗೆ ಕೊಳೆರೋಗ ಬಂದ ವರ್ಷಗಳನ್ನು ತಂದೆಯಿಂದಲೂ ನೆರೆಯವರಿಂದಲೂ ಕೇಳಿ ಸೇರಿಸಿ, ಅದನ್ನು ತಡೆಯುವ ಬೋರ್ಡೋ ದ್ರಾವಣದ ಎರಡನೆಯ ಸಿಂಪಡಣೆಗೆ ಮಳೆಯಿಲ್ಲದ ಎಷ್ಟು ದಿನಗಳ ಬಿಡುವು ಸಿಗುತ್ತದೆ ಎಂದು ನೋಡುತ್ತಿದ್ದ. ಅರ್ಜಿಯಲ್ಲಿ ಹತ್ತು ಚಟುವಟಿಕೆಗಳನ್ನು ಬರೆಯಲು ಜಾಗವಿದ್ದರೂ ಇದರ ಸುಳಿವೇ ಇರಲಿಲ್ಲ. "ಅದು ಮನೆ ಕೆಲಸ ಅಲ್ವಾ ಮೇಡಂ?" ಎಂದ. ನಾಯಕತ್ವದ ಪ್ರಬಂಧವನ್ನೂ ಸೇವಾಸಂಸ್ಥೆಯನ್ನೂ ಕೈಬಿಟ್ಟು ಪ್ರಬಂಧಕ್ಕೆ ಸಿಗುವ 650 ಪದಗಳನ್ನು ಡೈರಿಯ ಬಗ್ಗೆ ಬರೆಯಲು ಹೇಳಿದೆ. ಇಂಗ್ಲಿಷ್ ತೊಡಕಾದರೆ ಮೊದಲು ಕನ್ನಡದಲ್ಲೇ ಬರೆ, ಆದರೆ ಬೇರೆಯವರ ಕೈ ತಾಗಿಸಬೇಡ ಎಂದೆ.

ಶಿಫಾರಸು ಪತ್ರ ನಮ್ಮ ಪಿಯು ವ್ಯವಸ್ಥೆಯ ಮಕ್ಕಳಿಗೆ ವಿಶೇಷವಾದ ತೊಡಕು. ಅಮೆರಿಕದ ಹೈಸ್ಕೂಲು ನಾಲ್ಕು ವರ್ಷ ಒಂದೇ ಕಡೆ ನಡೆಯುತ್ತದೆ; ನಮ್ಮಲ್ಲಿ ಹತ್ತನೆಯ ತರಗತಿ ಮುಗಿದ ಕೂಡಲೇ ಮಗು ಬೇರೆ ಸಂಸ್ಥೆಗೆ ಹೋಗುತ್ತದೆ, ನವೆಂಬರ್-ಡಿಸೆಂಬರ್‌ನಲ್ಲಿ ಪತ್ರ ಬರೆಯಬೇಕಾದ ಉಪನ್ಯಾಸಕರು ಅದನ್ನು ಕಂಡಿರುವುದು ಒಂದೂವರೆ ವರ್ಷ, ಅದೂ ಎಂಬತ್ತು ಜನರ ತರಗತಿಯಲ್ಲಿ. "ಪ್ರಾಮಾಣಿಕ, ವಿಧೇಯ, ಶಿಸ್ತಿನ ವಿದ್ಯಾರ್ಥಿ" ಎಂಬ ಮೂರು ಪದಗಳ ಪತ್ರ ಹುಟ್ಟುವುದು ಹೀಗೆ. ಎಂಐಟಿ ಒಂದು ಪತ್ರವನ್ನು ಗಣಿತ ಅಥವಾ ವಿಜ್ಞಾನದ ಶಿಕ್ಷಕರಿಂದಲೂ ಇನ್ನೊಂದನ್ನು ಭಾಷೆ ಅಥವಾ ಮಾನವಿಕ ವಿಷಯದವರಿಂದಲೂ ಕೇಳುತ್ತದೆ. ಹುಡುಗನನ್ನು ಚೆನ್ನಾಗಿ ಬಲ್ಲವರು ಕನ್ನಡ ಉಪನ್ಯಾಸಕರು. ಆ ಡೈರಿಗಳಲ್ಲಿದ್ದ ಮಳೆ ನಕ್ಷತ್ರಗಳ ಹೆಸರುಗಳನ್ನು ಅವರ ಜೊತೆ ಕುಳಿತು ಬಿಡಿಸಿಕೊಂಡಿದ್ದನಂತೆ. ಅವರನ್ನೇ ಕೇಳು, ಘಟನೆಗಳನ್ನು ಬರೆಯಲು ಹೇಳು, ವಿಶೇಷಣಗಳು ಬೇಡ ಎಂದೆ. ಹೈಸ್ಕೂಲಿನ ಗಣಿತ ಮೇಷ್ಟರಿಂದ ಒಂದು ಹೆಚ್ಚುವರಿ ಪತ್ರವನ್ನೂ ತರಿಸಿದೆವು.

ಹದಿನೈದನ್ನು ಒಂಬತ್ತಕ್ಕೆ ಇಳಿಸಿದೆವು: ಹಣಬಲ ನೋಡದವು ಆರು, ದೊಡ್ಡ ಹೆಸರಿಲ್ಲದ ಆದರೆ ವಿದೇಶಿಯರಿಗೆ ನೆರವು ಕೊಡುವ ಸಣ್ಣ ಕಾಲೇಜುಗಳು ಮೂರು. ಇಷ್ಟರ ಜೊತೆಗೆ ನಾನೊಂದು ಷರತ್ತು ಹಾಕಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದ ಗಣಿತ ಪದವಿ ಬಿ.ಮ್ಯಾಥ್, ಸಿಇಟಿ, ಇವುಗಳ ತಯಾರಿ ಒಂದು ದಿನವೂ ನಿಲ್ಲಬಾರದು. ಇವನ್ನು ನಾನು 'ಎರಡನೆಯ ಆಯ್ಕೆ' ಎಂದು ಕರೆಯಲಿಲ್ಲ. ಗಣಿತದಲ್ಲಿ ಮುಂದುವರಿಯುವವನಿಗೆ ಅಮೆರಿಕದ ಪಿಎಚ್.ಡಿ. ಬಾಗಿಲು ಬೇರೆಯೇ ಇದೆ. ಅಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ ಆಗಿ ಮೇಲೆ ಸಂಬಳವೂ ಬರುತ್ತದೆ, ತಂದೆಯ ತೋಟವನ್ನು ಯಾರೂ ಕೇಳುವುದಿಲ್ಲ.

ಅಕ್ಟೋಬರ್‌ನಲ್ಲಿ ಸ್ಯಾಟ್ ಅಂಕ 1510ಕ್ಕೆ ಏರಿತು. ಪ್ರಬಂಧ ಐದು ಕರಡುಗಳ ನಂತರ ಅವನ ದನಿಗೆ ಬಂತು. 2025ರ ಮಾರ್ಚ್ ಕೊನೆಯ ಹೊತ್ತಿಗೆ ಏಳು ಕಡೆ ತಿರಸ್ಕಾರ, ಒಂದು ಕಡೆ ಕಾಯುವ ಪಟ್ಟಿ, ಸಣ್ಣ ಕಾಲೇಜೊಂದರಲ್ಲಿ ಪ್ರವೇಶ. ಆ ಕಾಲೇಜು ಕೊಟ್ಟ ನೆರವು ಕಡಿಮೆಯದೇನಲ್ಲ, ಆದರೂ ಕುಟುಂಬ ವರ್ಷಕ್ಕೆ 22,000 ಡಾಲರ್ ಭರಿಸಬೇಕಿತ್ತು, ಎಂದರೆ ಹತ್ತೊಂಬತ್ತು ಲಕ್ಷ ರೂಪಾಯಿಯ ಹತ್ತಿರ.

ತಂದೆ ಆ ವಾರ ಒಬ್ಬರೇ ಬಂದರು. ತೋಟವನ್ನು ಅಡವಿಟ್ಟರೆ ಆಗುತ್ತದೆ, ಮಗನಿಗೆ ಇನ್ನೂ ಹೇಳಿಲ್ಲ ಎಂದರು. ನಾನು ಬೇಡವೆಂದು ಹೇಳಲಿಲ್ಲ. ಆ ನಿರ್ಧಾರ ನನ್ನದಲ್ಲ. ಆದರೆ ನೆರವಿನ ಪತ್ರವನ್ನು ಸಾಲುಸಾಲಾಗಿ ಓದಿ ಹೇಳಿದೆ. ನೆರವಿನ ಮೊತ್ತ ನಿಗದಿಯಾಗಿತ್ತು, ಶುಲ್ಕ ಏರಿದಂತೆ ಅದೂ ಏರುತ್ತದೆಂದು ಎಲ್ಲಿಯೂ ಇರಲಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಹೋದವನು ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ದುಡಿಯಬಹುದು, ಅದರಿಂದ ಪುಸ್ತಕದ ಖರ್ಚು ಕಳೆಯಬಹುದೇ ಹೊರತು ಸಾಲ ತೀರುವುದಿಲ್ಲ. ನಾಲ್ಕು ವರ್ಷಕ್ಕೆ ಕನಿಷ್ಠ ಐವತ್ತು ಲಕ್ಷ ಸಾಲವಾಗುತ್ತದೆ ಎಂದು ಕಾಗದದ ಮೇಲೆ ಬರೆದುಕೊಟ್ಟು, ಈ ಕಾಗದವನ್ನು ಮಗನಿಗೂ ತೋರಿಸಿ ಎಂದೆ. ಹದಿನೇಳು ವರ್ಷದವನಿಂದ ಮುಚ್ಚಿಟ್ಟ ಸಾಲ ಮುಂದೆ ಅವನ ಓದಿನ ಮೇಲೆಯೇ ಕುಳಿತಿರುತ್ತದೆ.

ಹುಡುಗ ಒಪ್ಪಿಗೆ ತಿಳಿಸಬೇಕಾದ ಮೇ 1ರ ಗಡುವಿಗೆ ಮೂರು ದಿನ ಮುಂಚೆ ಆ ಕಾಲೇಜಿಗೆ ವಿನಯದಿಂದ ಬೇಡವೆಂದು ಬರೆದ. ಪತ್ರವನ್ನು ನನಗೂ ಕಳಿಸಿದ್ದ, ತಿದ್ದುವಂಥದ್ದು ಏನೂ ಇರಲಿಲ್ಲ. ಬಿ.ಮ್ಯಾಥ್ ಪ್ರವೇಶ ಪರೀಕ್ಷೆ ಬರೆದು ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ, ಶಿಷ್ಯವೇತನವೂ ಬರುತ್ತಿದೆ. ಮಳೆಯ ಅಂಕಿಗಳನ್ನು ಈಗ ತಂದೆಯೇ ಬರೆದಿಟ್ಟು ಪ್ರತಿ ಭಾನುವಾರ ಫೋನಿನಲ್ಲಿ ಕಳಿಸುತ್ತಾರಂತೆ. ನ್ಯೂಜೆರ್ಸಿಯ ಸೋದರಮಾವ ಮಾತ್ರ, ಅವನ ತಾಯಿ ಹೇಳಿದ ಪ್ರಕಾರ, ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ.