ಹೈಫಾಕ್ಕೆ ಹೊಸದಾಗಿ ಬಂದ ತಂಗಿಗೆ

ತಂಗಿ,

ನೀನು ಇಸ್ರೇಲಿಗೆ ಬಂದು ಮೂರು ವಾರ ಆಯಿತಷ್ಟೆ. ಏಜೆಂಟ್ "ಅರಬರ ಹತ್ತಿರ ಹೋಗಬೇಡ" ಅಂತ ಹೇಳಿ ಕಳಿಸಿದ್ದನಂತೆ. ನೀನು ನೋಡಿಕೊಳ್ಳುವ ಅಜ್ಜಿಗೆ ಮಾತ್ರೆ ಕೊಡುವ ಮೆಡಿಕಲ್ ಹುಡುಗಿಯೇ ಅರಬಳು ಅಂತ ಮೊನ್ನೆ ಗೊತ್ತಾಗಿ ಗಾಬರಿಯಾಯಿತಂತೆ. "ಅಕ್ಕಾ, ಯಹೂದಿಗಳು, ಅರಬರು ಇಬ್ಬರೂ ಒಂದೇ ಊರಲ್ಲಿ ಹೇಗಿದ್ದಾರೆ? ನಾನು ಹೇಗಿರಬೇಕು?" ಅಂತ ಕೇಳಿದ್ದೀ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಮಾರಾಯ್ತಿ, ಅದಕ್ಕೇ ಬರೆಯುತ್ತಿದ್ದೇನೆ.

ಗಾಜಾ, ಪಶ್ಚಿಮ ದಂಡೆಯ ವಿಷಯ ಬೇರೆ. ಇಸ್ರೇಲಿನ ಒಳಗೇ, ಇಲ್ಲಿಯದೇ ಪ್ರಜೆಗಳಾಗಿ ಇರುವವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಅರಬರು. ಹೈಫಾ, ಅಕ್ಕೊ, ಲೋದ್, ಯಾಫೊ ಇವೆಲ್ಲ ಎರಡೂ ಕಡೆಯವರಿರುವ ಊರುಗಳು. ಆಸ್ಪತ್ರೆಯಲ್ಲಿ, ಮೆಡಿಕಲ್‌ನಲ್ಲಿ, ಬಸ್ಸಿನಲ್ಲಿ ಒಟ್ಟಿಗೇ ಇರುತ್ತಾರೆ. ಆದರೆ ಶಾಲೆ ಮಾತ್ರ ಹೆಚ್ಚಾಗಿ ಬೇರೆ ಬೇರೆ. ಯಹೂದಿ ಮಕ್ಕಳು ಹೀಬ್ರೂ ಶಾಲೆಗೆ, ಅರಬ್ ಮಕ್ಕಳು ಅರೇಬಿಕ್ ಶಾಲೆಗೆ. ಹಾಗಾಗಿ ಪಕ್ಕದ ಬೀದಿಯ ಒಬ್ಬ ಗೆಳೆಯನೂ ಇಲ್ಲದೆ ಮಗು ಹದಿನೆಂಟು ದಾಟಿಬಿಡಬಹುದು. ನನಗೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಸಂಕಟ ಆಗುವುದು ಇದಕ್ಕೆ.

ಇದನ್ನು ಸರಿಮಾಡಲು ಹೊರಟವರೇ 'ಯಾದ್ ಬೆಯಾದ್' ಅನ್ನುವ ಸಂಸ್ಥೆಯವರು, ಕೈಯಲ್ಲಿ ಕೈ ಅಂತ ಅರ್ಥ. 1998ರಲ್ಲಿ ಜೆರುಸಲೇಮ್ ಮತ್ತು ಗಲಿಲಾಯದಲ್ಲಿ ಅವರ ಮೊದಲ ಶಾಲೆಗಳು ಶುರುವಾದವು. ಸಣ್ಣ ತರಗತಿಗಳಲ್ಲಿ ಇಬ್ಬರು ಟೀಚರ್, ಒಬ್ಬರು ಹೀಬ್ರೂವಿನಲ್ಲಿ, ಒಬ್ಬರು ಅರೇಬಿಕ್‌ನಲ್ಲಿ. ನಾನು ನೋಡಿಕೊಳ್ಳುವ ಸಾವ್ತಾಳ (ಹೀಬ್ರೂವಿನಲ್ಲಿ ಅಜ್ಜಿಗೆ ಹಾಗನ್ನುತ್ತಾರೆ) ಮರಿಮಗಳು ಇಂಥ ಎರಡು ಭಾಷೆಯ ಬಾಲವಾಡಿಗೆ ಹೋಗುತ್ತಿದ್ದಳು. ಒಂದು ದಿನ ಬಂದವಳೇ ನನ್ನ ಹತ್ತಿರ "ಮೈ" ಕೊಡು ಅಂದಳು. ನನಗೆ ತಿಳಿಯಲಿಲ್ಲ, ಸಾವ್ತಾಳಿಗೂ ತಿಳಿಯಲಿಲ್ಲ. ಹುಡುಗಿ ನಲ್ಲಿ ತೋರಿಸಿ, "ಮಾಯಿಮ್, ಮೈ, ಎರಡೂ ನೀರೇ" ಅಂದಳು. ಈ ಊರಲ್ಲಿ ಅರವತ್ತು ವರ್ಷ ಬಾಳಿದ ಸಾವ್ತಾ ನೀರಿಗೆ ಅರೇಬಿಕ್‌ನಲ್ಲಿ ಏನನ್ನುತ್ತಾರೆ ಅಂತ ಕಲಿತದ್ದು ಅವತ್ತು.

ಎಲ್ಲ ಸಲೀಸಾಗಿ ನಡೆಯುತ್ತದೆ ಅಂದುಕೊಳ್ಳಬೇಡ. ಅಂಥ ಶಾಲೆಗಳಲ್ಲೂ ಆಟದ ಬಯಲಿಗೆ ಬಂದರೆ ಹೀಬ್ರೂವೇ ಮೇಲುಗೈ. ಅರಬರಿಗೆ ಹೀಬ್ರೂ ಬಾರದೆ ಕೆಲಸ ಸಿಗದು, ಯಹೂದಿಗಳಿಗೆ ಅರೇಬಿಕ್ ಬಾರದಿದ್ದರೂ ನಡೆಯುತ್ತದೆ. 2014ರ ನವೆಂಬರಿನಲ್ಲಿ ಜೆರುಸಲೇಮಿನ ಶಾಲೆಗೆ ನುಗ್ಗಿ ಒಂದನೇ ತರಗತಿಯ ಕೋಣೆಗೆ ಬೆಂಕಿ ಹಚ್ಚಿದರು, ಗೋಡೆ ಮೇಲೆ ಅರಬರಿಗೆ ಸಾವು ಬರಲಿ ಅಂತ ಬರೆದರು. ಪುಟ್ಟ ಮಕ್ಕಳ ಕುರ್ಚಿ, ಪುಸ್ತಕ ಸುಟ್ಟವರ ಮನಸ್ಸು ಎಂಥದ್ದು ಅಂತ ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ. ಶಾಲೆ ಮುಚ್ಚಲಿಲ್ಲ.

'ದುಕಿಯುಮ್' ಅನ್ನುವ ಮಾತು ನಿನ್ನ ಕಿವಿಗೆ ಬೀಳುತ್ತದೆ. ಸಹಬಾಳ್ವೆ ಅಂತ. ಈಗೀಗ ತುಂಬ ಜನರಿಗೆ, ಅದರಲ್ಲೂ ಅರಬರಿಗೆ, ಆ ಮಾತೇ ಬೇಡವಾಗಿದೆ. ಅಕ್ಕಪಕ್ಕ ಇದ್ದ ಮಾತ್ರಕ್ಕೆ ಸಮಾನರಾಗಲಿಲ್ಲವಲ್ಲ. 'ಶುತಾಫೂತ್', ಅಂದರೆ ಪಾಲುದಾರಿಕೆ, ಅದೇ ಸರಿ ಅನ್ನುತ್ತಾರೆ. ಅವರ ಮಾತು ನನಗೂ ಒಪ್ಪಿಗೆ. ಯಾಕೆ ಅಂತ ಹೇಳುತ್ತೇನೆ ಕೇಳು. 2021ರ ಮೇ ತಿಂಗಳಲ್ಲಿ ಲೋದ್, ಅಕ್ಕೊ, ನಮ್ಮ ಹೈಫಾ ಎಲ್ಲ ಕಡೆ ಗಲಭೆ ಎದ್ದಿತು. ಇವರು ಅವರನ್ನು ಹೊಡೆದರು, ಅವರು ಇವರನ್ನು ಹೊಡೆದರು, ಕಾರು ಸುಟ್ಟರು. ಆ ರಾತ್ರಿ ಸಾವ್ತಾ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ, "ನಮ್ಮ ಮೆಡಿಕಲ್‌ನ ಅರಬ್ ಹುಡುಗಿ ಮನೆ ಮುಟ್ಟಿದಳೋ ಇಲ್ಲವೋ, ಫೋನ್ ಮಾಡಿ ಕೇಳು" ಅಂದಳು. ಫೋನ್ ಹಚ್ಚಿದೆ. ಆ ಕಡೆಯಿಂದ "ಯಾರ ವಿಷಯ ಕೇಳುತ್ತಿದ್ದೀರಿ?" ಅಂದಾಗ ಬಾಯಿಗೆ ಮಾತೇ ಬರಲಿಲ್ಲ. ಒಂಬತ್ತು ವರ್ಷ ಅವಳ ಕೈಯಿಂದ ಔಷಧಿ ತಂದಿದ್ದೆ, ಅವಳ ಹೆಸರು ನನಗೂ ಸಾವ್ತಾಳಿಗೂ ಗೊತ್ತಿರಲಿಲ್ಲ.

2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಇನ್ನೂ ಕಷ್ಟವಾಯಿತು. ಬೆಯೆರಿ ಕಿಬ್ಬುತ್ಸಿನಲ್ಲಿ (ಕಿಬ್ಬುತ್ಸ್ ಅಂದರೆ ಎಲ್ಲರೂ ಒಟ್ಟಾಗಿ ದುಡಿದು ಬಾಳುವ ಹಳ್ಳಿ) ಅವತ್ತು ವಿವಿಯನ್ ಸಿಲ್ವರ್ ಅವರನ್ನೂ ಕೊಂದರು. 74 ವರ್ಷದ ಹೆಂಗಸು. 2014ರಲ್ಲಿ ಶುರುವಾದ 'ವಿಮೆನ್ ವೇಜ್ ಪೀಸ್' ಅನ್ನುವ, ಶಾಂತಿಗಾಗಿ ದುಡಿಯುವ ಹೆಂಗಸರ ಸಂಘಟನೆ ಕಟ್ಟಿದವರಲ್ಲಿ ಒಬ್ಬರು, ಗಾಜಾದ ರೋಗಿಗಳನ್ನು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರು. ನಾವು ದಿನಾ ರೋಗಿಗಳ ಕೈ ಹಿಡಿದು ನಡೆಸುವವರಲ್ಲವಾ, ಆ ಸುದ್ದಿ ನನ್ನನ್ನು ಬಹಳ ದಿನ ಬಿಡಲಿಲ್ಲ. ಇಷ್ಟಾದರೂ ಕೆಲಸ ನಿಲ್ಲಲಿಲ್ಲ. 'ಓಮ್ದಿಮ್ ಬೆಯಾಹದ್', ಒಟ್ಟಿಗೆ ನಿಂತಿದ್ದೇವೆ ಅನ್ನುವ ಸಂಘಟನೆ 2015ರದ್ದು, ನೇರಳೆ ಬಣ್ಣ ಅವರ ಗುರುತು. ಗಾಜಾಕ್ಕೆ ಹೋಗುವ ಆಹಾರದ ಲಾರಿಗಳನ್ನು 2024ರಲ್ಲಿ ಕೆಲವರು ತಡೆದು ಹಾಳುಮಾಡುತ್ತಿದ್ದಾಗ, ಇವರ ಯಹೂದಿ, ಅರಬ್ ಕಾರ್ಯಕರ್ತರು ಹೋಗಿ ಕಾವಲು ನಿಂತರು.

ಇನ್ನು ನೀನು ಹೇಗಿರಬೇಕು ಅನ್ನುವುದು. ಮೆರವಣಿಗೆಗೆ ಹೋಗು ಅಂತ ನಾನು ಹೇಳುವುದಿಲ್ಲ, ನಿನ್ನ ವೀಸಾ ಕೆಲಸದ್ದು. ಮನೆಯೊಳಗೆ ರಾಜಕೀಯ ಬಂದರೆ ಕೇಳಿಸಿಕೊ, ಮಾತು ಸೇರಿಸಬೇಡ. ಆ ಮನೆಯವರು ಯಾರನ್ನಾದರೂ ಕಳಕೊಂಡಿರಬಹುದು. ಆದರೆ ಅವರ ಹೆದರಿಕೆಯನ್ನು ನಿನ್ನದು ಮಾಡಿಕೊಳ್ಳಬೇಡ. ಹೀಬ್ರೂವಿನ ಬೆಳಗಿನ ನಮಸ್ಕಾರ 'ಬೋಕೆರ್ ತೋವ್' ಕಲಿತ ಹಾಗೆ ಅರೇಬಿಕ್‌ನ 'ಸಬಾಹ್ ಅಲ್ ಖೈರ್' ಕೂಡ ಕಲಿ. ಮೆಡಿಕಲ್ ಹುಡುಗಿಯ ಹೆಸರು ನಾಳೆಯೇ ಕೇಳು.

ಹೈಫಾದ ಅರಬರ ಕೇರಿ ವಾದಿ ನಿಸ್ನಾಸ್, ಅದರ ಪಕ್ಕದಲ್ಲಿ ಬೇತ್ ಹಗೆಫೆನ್ ಇದೆ, 1963ರಿಂದ ನಡೆಯುತ್ತಿರುವ ಅರಬ್-ಯಹೂದಿ ಸಾಂಸ್ಕೃತಿಕ ಕೇಂದ್ರ. ಡಿಸೆಂಬರಿನಲ್ಲಿ ಅವರದು 'ಹಬ್ಬಗಳ ಹಬ್ಬ', ಯಹೂದಿಗಳ ಹನುಕ್ಕಾ ಹಬ್ಬದ ದೀಪ, ಕ್ರಿಸ್‌ಮಸ್ ನಕ್ಷತ್ರ ಎಲ್ಲ ಅಕ್ಕಪಕ್ಕ. ಅಲ್ಲಿಯವರೆಗೆ ಕಾಯುವುದೇನೂ ಬೇಡ. ಬೇರೆ ಹೆಚ್ಚಿನ ಊರುಗಳಲ್ಲಿ ಶನಿವಾರ ಬಸ್ಸು ನಿಂತರೂ ಹೈಫಾದಲ್ಲಿ ಕೆಲವು ಓಡುತ್ತವೆ. ಈ ಶನಿವಾರ ನಿನಗೆ ರಜೆ ಸಿಕ್ಕಿದರೆ ಹತ್ತು ಗಂಟೆಗೆ ಬಾ, ನಾನು ವಾದಿ ನಿಸ್ನಾಸ್ ಶುರುವಾಗುವಲ್ಲೇ ನಿಂತಿರುತ್ತೇನೆ. ಓಣಿಯ ಗೋಡೆಗಳ ಮೇಲಿನ ಚಿತ್ರ ನೋಡೋಣ, ಬಿಸಿ ಫಲಾಫಲ್ ತಿನ್ನೋಣ. ಊರಿಂದ ತಂದ ಉಪ್ಪಿನಕಾಯಿ ಉಳಿದಿದ್ದರೆ ಸ್ವಲ್ಪ ತಾ, ಅಲ್ಲಿ ಬ್ರೆಡ್ ಮಾಡುವ ಅಮ್ಮನಿಗೆ ತುಂಬ ಇಷ್ಟ.