ದಿನದ ಶುಲ್ಕ ಕೊಟ್ಟು ಆಡುವ ಗಾಲ್ಫ್ ಮೈದಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ, ಸೇನೆಯಲ್ಲಿದ್ದು ಬಂದ ಗೆಳೆಯರೊಬ್ಬರ ಸಹವಾಸದಿಂದ ಗಾಲ್ಫ್ ಕಲಿತಿದ್ದೇನೆ. ಬರುವ ಜನವರಿಯಲ್ಲಿ ಮಗಳ ಮನೆಗೆಂದು ದೆಹಲಿಗೆ ಹೋಗುವವನಿದ್ದೇನೆ. ಅಲ್ಲಿ ಸದಸ್ಯತ್ವವಿಲ್ಲದೆ ಆ ದಿನದ ಶುಲ್ಕ ಕೊಟ್ಟು ಆಡಬಹುದಾದ ಮೈದಾನಗಳಿವೆ ಎಂದು ಕೇಳಿದ್ದೇನೆ. ಅಂಥ ಮೈದಾನ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿಯುವುದು ಹೇಗೆ? ಚಿತ್ರಗಳಲ್ಲಿ ಎಲ್ಲ ಮೈದಾನಗಳೂ ಹಸಿರಾಗಿಯೇ ಕಾಣುತ್ತವೆ.
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ತಾವು ಕೊನೆಗೆ ಬರೆದ ಮಾತಿನಿಂದಲೇ ಆರಂಭಿಸುತ್ತೇನೆ. ಹಸಿರು ಬಣ್ಣವನ್ನು ನೋಡಿ ಗಾಲ್ಫ್ ಮೈದಾನದ ಗುಣವನ್ನು ಅಳೆಯಬಾರದು. ಜನವರಿಯ ದೆಹಲಿಯಲ್ಲಂತೂ ಅಳೆಯಲೇಬಾರದು. ನಮ್ಮ ದೇಶದ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವುದು ಬರ್ಮುಡಾ ಹುಲ್ಲನ್ನು ಅಥವಾ ಅದರ ಮಿಶ್ರತಳಿಗಳನ್ನು. ಬರ್ಮುಡಾ ಎಂದರೆ ಬೇರೇನೂ ಅಲ್ಲ, ಗಣಪತಿಗೆ ಏರಿಸುವ ಗರಿಕೆಯೇ. ನಮ್ಮ ಕಡೆಯ ರೈತರು ಎರೆ ಹೊಲದಿಂದ ಅಗೆದು ಅಗೆದು ದಣಿಯುವ ಕರಕಿ. ಇದು ಬಿಸಿಲನ್ನು ಬೇಡುವ ಹುಲ್ಲಾದ್ದರಿಂದ ಉತ್ತರ ಭಾರತದ ಚಳಿಯಲ್ಲಿ ಬೆಳವಣಿಗೆ ನಿಲ್ಲಿಸಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಆದರೆ ಬೇರು ಜೀವಂತವಾಗಿಯೇ ಇರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೂ ಹುಲ್ಲು ಒತ್ತಾಗಿದ್ದು ನೆಲ ಗಟ್ಟಿಯಾಗಿದ್ದರೆ ಚೆಂಡು ಅದರ ಮೇಲೆ ಚೆನ್ನಾಗಿಯೇ ಕೂರುತ್ತದೆ. ಕಣ್ಣಿಗೆ ತಂಪೆನಿಸುವ ಹಸಿರಿದ್ದು ಕಾಲಿಟ್ಟ ಕಡೆಯೆಲ್ಲ ನೆಲ ಜವುಗಿನಂತೆ ಕುಸಿಯುತ್ತಿದ್ದರೆ, ಅಲ್ಲಿ ನೀರು ಹೆಚ್ಚಾಗಿದೆ, ಬಸಿಗಾಲುವೆಯ ಕೆಲಸ ಸರಿಯಾಗಿಲ್ಲ ಎಂದು ತಿಳಿಯಬೇಕು.

ತಾವು ಕೇಳಿದ ಬಗೆಯ ಮೈದಾನಗಳು ನಮ್ಮಲ್ಲಿ ಕಡಿಮೆ. ಕೋಲ್ಕತ್ತದ ರಾಯಲ್ ಕಲ್ಕತ್ತಾ 1829ರಲ್ಲಿ, ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಹುಟ್ಟಿದವು, ಎರಡೂ ಕ್ಲಬ್ಬುಗಳೇ. ನಮ್ಮ ದೇಶದಲ್ಲಿ ಈ ಆಟ ಬಹುಕಾಲ ಸದಸ್ಯತ್ವದ ಬಾಗಿಲಿನ ಒಳಗೇ ಉಳಿಯಿತು. ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಲಾಡೋ ಸರಾಯಿಯಲ್ಲಿ ನಡೆಸುವ ಕುತುಬ್ ಗಾಲ್ಫ್ ಕೋರ್ಸ್ ದೇಶದ ಮೊದಲ ಸಾರ್ವಜನಿಕ ಗಾಲ್ಫ್ ಮೈದಾನ ಎಂಬ ಹೆಸರು ಪಡೆದಿದೆ. ತಾವು ಹೋಗುವ ಊರಿನಲ್ಲಿಯೇ ಅದು ಇರುವುದು ಒಳ್ಳೆಯದಾಯಿತು. ಆದರೆ ನಾನು ಈಗ ಹೇಳಲಿರುವ ಪರೀಕ್ಷೆಯನ್ನು ಯಾವ ಮೈದಾನಕ್ಕೆ ಹೋದರೂ ಮಾಡಿ ನೋಡಬಹುದು.

ನಿಗದಿಯಾದ ವೇಳೆಗಿಂತ ಒಂದು ಗಂಟೆ ಮೊದಲೇ ಹೋಗಿ, ಹಣ ಕಟ್ಟುವ ಮೊದಲು ಗ್ರೀನ್, ಅಂದರೆ ಚೆಂಡು ಬೀಳಿಸಬೇಕಾದ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ, ನೋಡಲು ಅನುಮತಿ ಕೇಳಿರಿ. ಮೊದಲು ಗ್ರೀನ್ ನೋಡಬೇಕೆಂದು ನಾನು ಇಷ್ಟು ಒತ್ತಿ ಹೇಳಲು ಲೆಕ್ಕದ ಕಾರಣವೊಂದಿದೆ. ಹದಿನೆಂಟು ಕುಳಿಗಳ ಮೈದಾನದ ಪಾರ್, ಅಂದರೆ ನುರಿತ ಆಟಗಾರನಿಗೆ ಬೇಕಾಗುವ ಹೊಡೆತಗಳ ಲೆಕ್ಕ, ಸಾಮಾನ್ಯವಾಗಿ 72. ಪ್ರತಿ ಗ್ರೀನಿನ ಮೇಲೆ ಎರಡು ಪಟ್, ಅಂದರೆ ಚೆಂಡನ್ನು ಕುಳಿಯತ್ತ ಉರುಳಿಸುವ ಮೆಲ್ಲನೆಯ ಹೊಡೆತಗಳು, ಬೇಕಾಗುತ್ತವೆ ಎಂದು ಎಣಿಸಿಯೇ ಪಾರ್ ನಿಗದಿಪಡಿಸುತ್ತಾರೆ. ಹದಿನೆಂಟನ್ನು ಎರಡರಿಂದ ಗುಣಿಸಿದರೆ 36. ಅಂದರೆ ತಾವು ಕೊಟ್ಟ ಹಣಕ್ಕೆ ಸಿಗುವ ಆಟದ ಅರ್ಧ ಭಾಗ ನಡೆಯುವುದು ಇಡೀ ಮೈದಾನದ ತೀರ ಸಣ್ಣ ಪಾಲಾದ ಈ ನುಣುಪು ಹುಲ್ಲಿನ ಮೇಲೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವುದರಲ್ಲಿ ಇತರರಿಗಿಂತ ಹಿಂದಿದ್ದರೂ ಪಟ್ಟಿಂಗ್ ಬಲದಿಂದಲೇ ಕೊನೆಯ ದಿನದವರೆಗೆ ಪದಕದ ಪೈಪೋಟಿಯಲ್ಲಿದ್ದು, ಒಂದೇ ಒಂದು ಹೊಡೆತದ ಅಂತರದಲ್ಲಿ ಕಂಚು ತಪ್ಪಿ ನಾಲ್ಕನೆಯ ಸ್ಥಾನ ಪಡೆದರು. ಗ್ರೀನ್ ಕೆಟ್ಟಿದ್ದರೆ ಅಂಥ ಕೈಚಳಕಕ್ಕೂ ಬೆಲೆಯಿಲ್ಲ, ನಮ್ಮ ನಿಮ್ಮಂಥವರ ಪಾಡನ್ನು ಹೇಳುವುದೇ ಬೇಡ.

ನಮ್ಮ ಬೆಳಗಾವಿ ಸೀಮೆಯ ಪೈಲ್ವಾನರು ಕಣಕ್ಕೆ ಇಳಿಯುವಾಗ ಅಲ್ಲಿನ ಮಣ್ಣನ್ನು ಅಂಗೈಗೆ ತೆಗೆದುಕೊಂಡು ತಿಕ್ಕಿ ನೋಡುವುದನ್ನು ತಾವು ಕಂಡಿರುತ್ತೀರಿ. ಗ್ರೀನನ್ನು ಹಾಗೆಯೇ ನೋಡಬೇಕು. ಮಂಡಿಯೂರಿ ಅಂಗೈಯನ್ನು ಹುಲ್ಲಿನ ಮೇಲೆ ಆಡಿಸಿರಿ. ಮೂರರಿಂದ ಐದು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದ ಹುಲ್ಲು ಎಲ್ಲ ಕಡೆಯೂ ಒಂದೇ ಸಮನಾಗಿ ಕೈಗೆ ತಾಗಬೇಕು. ನಡುನಡುವೆ ಬೋಳು ತೇಪೆಗಳು, ಬೇರೆ ಜಾತಿಯ ಅಗಲ ಎಲೆಯ ಹುಲ್ಲು, ಪಾಚಿ ಇರಬಾರದು. ಆಮೇಲೆ ಕುಳಿಯ ಬಾಯಿಯನ್ನು ನೋಡಿರಿ. ನಿಯಮದ ಪ್ರಕಾರ ಅದರ ವ್ಯಾಸ 108 ಮಿಲಿಮೀಟರ್. ಕುಳಿಯನ್ನು ಆಗಾಗ ಬೇರೆ ಜಾಗಕ್ಕೆ ಬದಲಿಸುತ್ತಿದ್ದರೆ ಅಂಚು ಚೂಪಾಗಿ, ಸುತ್ತಲಿನ ಹುಲ್ಲು ಚಪ್ಪಟೆಯಾಗಿ ಇರುತ್ತದೆ. ಹಲವು ದಿನ ಒಂದೇ ಜಾಗದಲ್ಲಿ ಉಳಿದ ಕುಳಿಯ ಅಂಚು ಸವೆದು ದುಂಡಾಗುತ್ತದೆ. ಜನ ಬಂದು ನಿಂತು ನಿಂತು ಸುತ್ತಲಿನ ನೆಲ ತಗ್ಗಿ, ಕುಳಿಯ ಬಾಯಿಯೇ ಸಣ್ಣ ದಿಬ್ಬದ ಮೇಲಿದ್ದಂತೆ ಆಗುತ್ತದೆ. ಈ ಒಂದು ಗುರುತು ಸಾಕು, ಅಲ್ಲಿ ಬೆಳಗ್ಗೆ ಎದ್ದು ಕೆಲಸ ಮಾಡುವವರು ಇದ್ದಾರೆಯೇ ಇಲ್ಲವೇ ಎಂದು ತಿಳಿಯಲು.

ಮೂರನೆಯದು ಚೆಂಡು ಬಿದ್ದು ಆದ ಕುಣಿಗಳು. ಎತ್ತರದಿಂದ ಬೀಳುವ ಚೆಂಡು ಗ್ರೀನಿನ ಮೇಲೆ ಸಣ್ಣ ತಗ್ಗು ಮಾಡುತ್ತದೆ, ಅದನ್ನು ಮಾಡಿದವನೇ ಸರಿಪಡಿಸಬೇಕೆಂಬುದು ಈ ಆಟದ ಹಳೆಯ ಮರ್ಯಾದೆ. ಸರಿಪಡಿಸದ ಕುಣಿಗಳು ಹತ್ತಾರು ಕಂಡರೆ ಅದು ಹುಲ್ಲಿನ ತಪ್ಪಲ್ಲ, ಅಲ್ಲಿ ಆಡುವವರ ಮತ್ತು ಅವರ ಆಟದ ಚೀಲ ಹೊತ್ತು ಜೊತೆ ನಡೆಯುವ ಕ್ಯಾಡಿಗಳ ತಪ್ಪು. ಯಾರು ಬೇಕಾದರೂ ಬಂದು ಆಡುವ ಮೈದಾನದಲ್ಲಿ ಈ ಶಿಸ್ತನ್ನು ಉಳಿಸಿಕೊಳ್ಳುವುದು ಕ್ಲಬ್ಬಿಗಿಂತ ಬಹಳ ಕಷ್ಟ. ಉಳಿಸಿಕೊಂಡಿದ್ದರೆ ಆ ಆಡಳಿತವನ್ನು ಮನಸಾರೆ ಮೆಚ್ಚಬೇಕು.

ಗ್ರೀನಿನ ವೇಗವನ್ನು ಅಳೆಯಲು ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದ ಆಟಗಾರರು 1930ರ ದಶಕದಲ್ಲಿ ರೂಪಿಸಿದ ಸ್ಟಿಂಪ್‌ಮೀಟರ್ ಎಂಬ ಸಾಧನವಿದೆ. ಮೂರು ಅಡಿ ಉದ್ದದ, ತೋಡುಳ್ಳ ಪಟ್ಟಿಯನ್ನು ನಿಧಾನವಾಗಿ ಎತ್ತಿದಾಗ ಚೆಂಡು ತಾನಾಗಿ ಉರುಳಿ ಎಷ್ಟು ಅಡಿ ಹೋಗುತ್ತದೆಯೋ ಅದೇ ಆ ಗ್ರೀನಿನ ವೇಗ. ತಮಗೆ ಆ ಪಟ್ಟಿ ಬೇಕಿಲ್ಲ. ಅಭ್ಯಾಸದ ಗ್ರೀನಿನ ಸಮತಟ್ಟಾದ ಜಾಗದಲ್ಲಿ ಮೂರು ಚೆಂಡುಗಳನ್ನು ಒಂದೇ ಬಲದಿಂದ ಉರುಳಿಸಿ, ಅವು ಹತ್ತಿರ ಹತ್ತಿರ ನಿಲ್ಲುತ್ತವೆಯೇ, ಕೊನೆಯ ಅಡಿಯಲ್ಲಿ ಕುಪ್ಪಳಿಸುತ್ತವೆಯೇ ಎಂದು ನೋಡಿರಿ. ಅನಂತರ ಮೊದಲನೆಯ ಗ್ರೀನಿನಲ್ಲಿ ಅದನ್ನೇ ಮಾಡಿರಿ. ನನ್ನ ಅನುಭವದಲ್ಲಿ ವೇಗ ಹೆಚ್ಚೋ ಕಡಿಮೆಯೋ ಎಂಬುದು ದೊಡ್ಡ ವಿಷಯವಲ್ಲ. ಅಭ್ಯಾಸದ ಗ್ರೀನ್ ಒಂದು ಬಗೆ, ಒಳಗಿನ ಹದಿನೆಂಟು ಗ್ರೀನುಗಳು ಹದಿನೆಂಟು ಬಗೆ ಆಗಿದ್ದರೆ ಮಾತ್ರ ಹೊಸದಾಗಿ ಬಂದವನಿಗೆ ಅದು ನಿಜವಾದ ಅನ್ಯಾಯ.

ಉಳಿದದ್ದನ್ನು ಬೇಗ ಹೇಳಿ ಮುಗಿಸಬಹುದು. ಟೀ, ಅಂದರೆ ಪ್ರತಿ ಕುಳಿಗೆ ಮೊದಲ ಹೊಡೆತ ಹೊಡೆಯುವ ಜಾಗ, ಸಮತಟ್ಟಾಗಿರಬೇಕು. ಮೂರು ಪಾರಿನ ಕುಳಿಗಳ ಟೀಯನ್ನೇ ನೋಡಿರಿ, ಎಲ್ಲರೂ ಐರನ್ ಕ್ಲಬ್ಬಿನಿಂದ (ಲೋಹದ ತಲೆಯ ಹೊಡೆಯುವ ಕೋಲಿನಿಂದ) ಹುಲ್ಲನ್ನು ಕಿತ್ತುಹಾಕುವುದು ಅಲ್ಲಿಯೇ. ಬಂಕರಿನ, ಅಂದರೆ ಆಟಕ್ಕೆ ಅಡ್ಡಿಯಾಗಿ ತೋಡಿದ ಗುಂಡಿಯ, ಉಸುಕನ್ನು ಕಾಲಿನಿಂದ ಕೆದಕಿ ನೋಡಿರಿ. ಕಲ್ಲು ಸಿಕ್ಕರೆ ಅದು ಕ್ಲಬ್ಬಿಗೂ ಅಪಾಯ, ಕಣ್ಣಿಗೂ ಅಪಾಯ. ಟೀಯಿಂದ ಗ್ರೀನಿನವರೆಗಿನ ಕತ್ತರಿಸಿದ ಹುಲ್ಲಿನ ದಾರಿಯಾದ ಫೇರ್‌ವೇ ಆಚೆಗಿನ ರಫ್‌ನಲ್ಲಿ ಹುಲ್ಲು ಎತ್ತರವಾಗಿ ಬೆಳೆದಿರುವುದು ದೋಷವಲ್ಲ, ಆದರೆ ಚೆಂಡು ಹುಡುಕಲು 2019ರ ನಿಯಮಗಳು ಕೊಡುವುದು ಮೂರೇ ನಿಮಿಷವಾದ್ದರಿಂದ ಕಾಲಿಡಲಾಗದ ಮುಳ್ಳುಕಂಟಿ ಫೇರ್‌ವೇಗೆ ತೀರ ಹತ್ತಿರ ಇರಬಾರದು. ಪೊದೆಗಳ ವಿಷಯದಲ್ಲಿ ನಮ್ಮ ಊರಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಪರಿಸರದಲ್ಲಿ ಚಿರತೆ ಕಾಣಿಸಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆಗಳನ್ನು ತರಿಸಿ ಹುಡುಕಿದ ದಿನಗಳನ್ನು ನಾವು ಮರೆತಿಲ್ಲ.

ಕೌಂಟರಿನಲ್ಲಿ ತಪ್ಪದೆ ಕೇಳಬೇಕಾದ ಪ್ರಶ್ನೆಯೊಂದಿದೆ: ಒಂದು ತಂಡಕ್ಕೂ ಮುಂದಿನ ತಂಡಕ್ಕೂ ನಡುವೆ ಎಷ್ಟು ನಿಮಿಷ ಬಿಡುತ್ತೀರಿ? ಎಂಟರಿಂದ ಹತ್ತು ನಿಮಿಷ ಎಂದರೆ ನಾಲ್ವರ ತಂಡ ನಾಲ್ಕು, ನಾಲ್ಕೂವರೆ ಗಂಟೆಯಲ್ಲಿ ಆಟ ಮುಗಿಸಬಹುದು. ಆರು ನಿಮಿಷಕ್ಕೊಂದು ತಂಡವನ್ನು ಬಿಡುವ ಕಡೆ ಗ್ರೀನ್ ಎಷ್ಟೇ ನುಣುಪಾಗಿದ್ದರೂ ತಾವು ಪ್ರತಿಯೊಂದು ಟೀಯಲ್ಲಿ ಕಾಯುತ್ತ ನಿಲ್ಲಬೇಕಾಗುತ್ತದೆ. ಜನವರಿಯಲ್ಲಿ ದೆಹಲಿಯ ಮಂಜು ದಟ್ಟವಾಗಿರುವುದರಿಂದ ಬೆಳಗಿನ ಆಟ ತಡವಾದರೆ ಹಣ ಹಿಂತಿರುಗಿಸುತ್ತಾರೆಯೇ, ಬೇರೆ ವೇಳೆ ಕೊಡುತ್ತಾರೆಯೇ ಎಂಬುದನ್ನೂ, ಕ್ಯಾಡಿಯ ಕೂಲಿ ಮತ್ತು ಕ್ಲಬ್ಬುಗಳ ಬಾಡಿಗೆ ಶುಲ್ಕದಲ್ಲಿ ಸೇರಿವೆಯೇ ಎಂಬುದನ್ನೂ ಕೇಳಿರಿ. ಇವಕ್ಕೆ ಸಿಗುವ ಉತ್ತರದ ಜೊತೆಗೆ ಉತ್ತರ ಕೊಡುವ ರೀತಿಯನ್ನೂ ಗಮನಿಸಬೇಕು. ಒಂದೇ ದಿನಕ್ಕೆ ಬಂದು ಹೋಗುವವನನ್ನು ಸದಸ್ಯನಷ್ಟೇ ಆದರದಿಂದ ಕಾಣುವ ಕಡೆ ಗ್ರೀನುಗಳೂ ಚೆನ್ನಾಗಿಯೇ ಇರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಪ್ರಶ್ನೆ: ಪ್ರವಾಸದಲ್ಲಿ ಒಂದು ಕಡೆ ಪೂರ್ತಿ ಶುಲ್ಕ ಕೊಟ್ಟು ಆಡಲು ಹೋದೆವು. ಗ್ರೀನುಗಳ ಮೇಲೆಲ್ಲ ಸಾಲುಸಾಲು ತೂತು ಹಾಕಿ ಉಸುಕು ಸುರಿದಿದ್ದರು. ಮೊದಲೇ ಯಾರೂ ಹೇಳಿರಲಿಲ್ಲ. ಇದು ಕೆಟ್ಟ ಮೈದಾನವೆಂದು ತಿಳಿಯಬೇಕೇ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಮೈದಾನ ಕೆಟ್ಟದ್ದಲ್ಲ, ತಮ್ಮೊಡನೆ ನಡೆದುಕೊಂಡ ರೀತಿ ಕೆಟ್ಟದ್ದು. ಇವೆರಡನ್ನು ಬೇರೆ ಬೇರೆ ನೋಡಬೇಕು.

ದಿನವೂ ನೂರಾರು ಹೆಜ್ಜೆಗಳು ಬಿದ್ದು ಗ್ರೀನಿನ ಕೆಳಗಿನ ಮಣ್ಣು ಬಿಗಿಯುತ್ತದೆ, ಬೇರಿಗೆ ಗಾಳಿಯೂ ನೀರೂ ಇಳಿಯುವುದಿಲ್ಲ. ಹೊಲದಲ್ಲಿ ಕುಂಟೆ ಹೊಡೆದು ಮೇಲ್ಮಣ್ಣು ಸಡಿಲಿಸುವಂತೆ, ಇಲ್ಲಿ ಯಂತ್ರದಿಂದ ಸಣ್ಣ ತೂತುಗಳನ್ನು ಕೊರೆದು ಮಣ್ಣನ್ನು ಹೊರಗೆ ತೆಗೆದು ಉಸುಕು ತುಂಬುತ್ತಾರೆ. ಹುಲ್ಲು ಚುರುಕಾಗಿ ಬೆಳೆಯುವ ಕಾಲದಲ್ಲಿ ಮಾಡಿದರೆ ಎರಡು ಮೂರು ವಾರಗಳಲ್ಲಿ ಗ್ರೀನ್ ಮೊದಲಿನಂತಾಗುತ್ತದೆ. ಈ ಕೆಲಸ ಮಾಡದ ಮೈದಾನವೇ ಮುಂದೆ ಕೆಡುವುದು. ಆದ್ದರಿಂದ ಉಸುಕನ್ನು ಕಂಡು ಆ ಆಡಳಿತಕ್ಕೆ ನೆಲದ ಕಾಳಜಿ ಇದೆ ಎಂದೇ ತಾವು ಎಣಿಸಬಹುದಾಗಿತ್ತು.

ಆದರೆ ಸದಸ್ಯನಾದವನು ವರ್ಷವಿಡೀ ಆಡುತ್ತಾನೆ, ಮೂರು ವಾರದ ಅನನುಕೂಲವನ್ನು ಉಳಿದ ವಾರಗಳ ಸುಖದಲ್ಲಿ ಮರೆಯುತ್ತಾನೆ. ದಿನದ ಶುಲ್ಕ ಕೊಟ್ಟವನಿಗೆ ಇರುವುದು ಅದೊಂದೇ ದಿನ. ಮೊದಲು ಕಾಯ್ದಿರಿಸುವಾಗಲೇ ಈ ವಿಷಯ ತಿಳಿಸುವುದು, ಆ ವಾರಗಳಲ್ಲಿ ಶುಲ್ಕ ಇಳಿಸುವುದು ಅವರ ಕರ್ತವ್ಯವಾಗಿತ್ತು. ನನಗೂ ಒಮ್ಮೆ ಹೀಗೆಯೇ ಆಯಿತು. ಎರಡನೆಯ ಗ್ರೀನಿನಿಂದಲೇ ಹಿಂದಿರುಗಿ ಸೌಜನ್ಯದಿಂದ ಕೇಳಿದಾಗ, ಮತ್ತೊಂದು ದಿನ ಅರ್ಧ ಶುಲ್ಕಕ್ಕೆ ಆಡುವ ಚೀಟಿ ಕೊಟ್ಟರು. ಆಟ ಪೂರ್ತಿ ಮುಗಿಸಿ ಬಂದು ಕೇಳಿದ್ದರೆ ಕೊಡುತ್ತಿರಲಿಲ್ಲ ಎಂದೇ ನನ್ನ ಎಣಿಕೆ. ಮುಂದಿನ ಸಲ ಫೋನಿನಲ್ಲಿ ಕಾಯ್ದಿರಿಸುವಾಗಲೇ ‘ಗ್ರೀನಿಗೆ ತೂತು ಹಾಕಿ ಎಷ್ಟು ದಿನವಾಯಿತು’ ಎಂದು ನೇರವಾಗಿ ಕೇಳಿರಿ.

ಪ್ರಶ್ನೆ: ನಾನು ಕೃಷಿ ಓದುತ್ತಿರುವ ವಿದ್ಯಾರ್ಥಿ. ನಮ್ಮಂಥ ಕಡಿಮೆ ಮಳೆಯ, ಎರೆ ಮಣ್ಣಿನ ಸೀಮೆಯಲ್ಲಿ ಇಷ್ಟೊಂದು ಹುಲ್ಲಿಗೆ ನೀರು ಹಾಕುವುದು ಸರಿಯೇ? ಹುಲ್ಲಿಲ್ಲದ ಮೈದಾನ ಒಳ್ಳೆಯ ಮೈದಾನವಾಗಲು ಸಾಧ್ಯವೇ?
– ಓದುಗ, ವಿಜಯಪುರ

ಉತ್ತರ: ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ಅದೇ ನೀರನ್ನು ಆಟದ ಹುಲ್ಲಿಗೆ ಬಿಡುವುದು ಸರಿಯಲ್ಲ. ಊರಿನ ಚರಂಡಿ ನೀರನ್ನು ಶುದ್ಧಗೊಳಿಸಿ ಬಳಸುವ ಮೈದಾನಗಳಿವೆ. ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಗುಣದ ಪರೀಕ್ಷೆಯ ಒಂದು ಭಾಗವಾಗಿಯೇ ಕೇಳಬೇಕು ಎಂಬುದು ನನ್ನ ನಿಲುವು.

ಹುಲ್ಲಿಲ್ಲದೆಯೂ ಆಟ ಸಾಧ್ಯ. ನೀರಿಲ್ಲದ ಕಡೆಗಳಲ್ಲಿ ಗ್ರೀನಿನ ಬದಲು ‘ಬ್ರೌನ್’ ಇರುತ್ತದೆ: ಉಸುಕಿಗೆ ಎಣ್ಣೆ ಬೆರೆಸಿ, ಗಾಳಿಗೆ ಹಾರದಂತೆ ಹದಗೊಳಿಸಿ ಹಾಸಿದ ವೃತ್ತಾಕಾರದ ಜಾಗ. ಪಟ್ ಮಾಡುವ ಮೊದಲು ಚೆಂಡಿನಿಂದ ಕುಳಿಯವರೆಗಿನ ದಾರಿಯನ್ನು, ಹೊಲದಲ್ಲಿ ಕೊರಡು ಎಳೆದಂತೆ, ಒಂದು ಹಲಗೆಯಿಂದ ಎಳೆದು ಸಮ ಮಾಡುತ್ತಾರೆ. ಒಳ್ಳೆಯ ಬ್ರೌನಿನಲ್ಲಿ ಉಸುಕು ಒಂದೇ ಗಾತ್ರದ್ದಾಗಿ, ಕಲ್ಲಿಲ್ಲದೆ, ಎಲ್ಲ ಕಡೆ ಒಂದೇ ದಪ್ಪವಾಗಿರುತ್ತದೆ, ಚೆಂಡು ಹುಲ್ಲಿನ ಮೇಲಿಗಿಂತ ನೇರವಾಗಿ ಉರುಳುತ್ತದೆ. ಬಳಸಿದ ಎಂಜಿನ್ ಎಣ್ಣೆ ಸುರಿದು, ಅದು ಸುತ್ತಲಿನ ಮಣ್ಣಿಗೆ ಇಳಿಯುತ್ತಿದ್ದರೆ ಮಾತ್ರ ಕೃಷಿ ಓದುವ ನೀನು ಆ ಮೈದಾನವನ್ನು ಒಪ್ಪಬೇಕಾಗಿಲ್ಲ.

ಎರೆ ಮಣ್ಣಿಗೆ ಸಂಬಂಧಿಸಿದಂತೆ ಇನ್ನೊಂದು ಮಾತು. ಬೇಸಿಗೆಯಲ್ಲಿ ಈ ನೆಲ ಬಾಯಿ ಬಿಡುತ್ತದೆ, ಚೆಂಡು ಬಿರುಕಿನೊಳಗೆ ಇಳಿದುಬಿಡುತ್ತದೆ. ಅಂಥ ಜಾಗಗಳಿಗೆ ಬಿಳಿ ಗೆರೆ ಎಳೆದು ದುರಸ್ತಿಯಲ್ಲಿರುವ ನೆಲವೆಂದು ಗುರುತಿಸಿದ್ದರೆ, ದಂಡವಾಗಿ ಹೆಚ್ಚಿನ ಹೊಡೆತ ಎಣಿಸದೆ ಚೆಂಡನ್ನು ಮೊಣಕಾಲಿನ ಎತ್ತರದಿಂದ ಗೆರೆಯ ಆಚೆ ಬೀಳಿಸಿ ಆಡಲು ನಿಯಮ ಅವಕಾಶ ಕೊಡುತ್ತದೆ. ಏಪ್ರಿಲ್ ತಿಂಗಳಲ್ಲಿ ಹೋಗಿ ನೋಡು. ಬಿರುಕುಗಳ ಸುತ್ತ ಆ ವಾರ ಎಳೆದ ಹೊಸ ಸುಣ್ಣದ ಗೆರೆ ಕಂಡರೆ ಅಲ್ಲಿ ಹಣ ಕಟ್ಟಿ ಆಡಬಹುದು.