ಪೈಲಟ್ ಹಾರಾಟದ ಮಧ್ಯೆ ನಿದ್ದೆ ಮಾಡಿದರೆ ಅಪಾಯವೇ? ಆಟೋಪೈಲಟ್ ಇರುತ್ತದಲ್ಲ?

ಎಷ್ಟು ಹೊತ್ತು ಮಲಗಿದರು, ಎದ್ದ ಮೇಲೆ ಎಷ್ಟು ಬೇಗ ಕೆಲಸಕ್ಕೆ ಕೈ ಹಾಕಿದರು ಎಂಬುದರ ಮೇಲೆ ಉತ್ತರ ನಿಂತಿದೆ. ಆಟೋಪೈಲಟ್ 37,000 ಅಡಿಯಲ್ಲಿ ವಿಮಾನವನ್ನು ನೆಟ್ಟಗೆ ಒಯ್ಯುತ್ತದೆ, ನಿಜ. ಆದರೆ ಇಳಿಯುವ ಲೆಕ್ಕ ತಪ್ಪಿದೆಯಾ, ಲ್ಯಾಂಡಿಂಗ್ ಕೈಬಿಟ್ಟು ಮತ್ತೆ ಮೇಲೇರಬೇಕಾ ಅಂತ ತೀರ್ಮಾನಿಸುವವರು ಪೈಲಟ್. ದಣಿದಾಗ ಮೊದಲು ಕೈಕೊಡುವುದೂ ಆ ತೀರ್ಮಾನಶಕ್ತಿಯೇ.

ಇದಕ್ಕೆ ನಮ್ಮ ಮಂಗಳೂರಿನದೇ ಉದಾಹರಣೆ ಇದೆ. 2010ರ ಮೇ 22, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬೋಯಿಂಗ್ 737-800 ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8. ಕಾಕ್‌ಪಿಟ್ ಧ್ವನಿಮುದ್ರಿಕೆ ಸುಮಾರು 2 ಗಂಟೆ 5 ನಿಮಿಷದ್ದು. ಅದರ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ಮಾತೇ ಇಲ್ಲ, ಕೇಳಿಸುವುದು ಗೊರಕೆ ಮತ್ತು ಆಳವಾದ ಉಸಿರು. ಅಷ್ಟು ಹೊತ್ತು ಮಲಗಿದವರು ಗಾಢ ನಿದ್ದೆಗೆ ಜಾರಿರುತ್ತಾರೆ. ಅಲ್ಲಿಂದ ಎದ್ದವರು ಮಾತಾಡುತ್ತಾರೆ, ಸ್ವಿಚ್ ಒತ್ತುತ್ತಾರೆ, ನೋಡುವವರಿಗೆ ಎಚ್ಚರವಾಗಿಯೇ ಕಾಣುತ್ತಾರೆ. ಆದರೆ ಸಾಮಾನ್ಯವಾಗಿ 15ರಿಂದ 30 ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಮಂಪರು ಬಿಡುವುದಿಲ್ಲ. ಸ್ಲೀಪ್ ಇನರ್ಷಿಯಾ ಎನ್ನುವುದು ಇದಕ್ಕೇ. ಸಾಲದ್ದಕ್ಕೆ ಹೊತ್ತೂ ಕೆಟ್ಟದ್ದು: ರಾತ್ರಿ 2ರಿಂದ ಬೆಳಗ್ಗೆ 6ರ ನಡುವೆ ದೇಹದ ಗಡಿಯಾರವೇ ನಮ್ಮನ್ನು ಮಲಗು ಎನ್ನುತ್ತಿರುತ್ತದೆ.

ಅವತ್ತು ಮಂಗಳೂರಿನ ರೇಡಾರ್ ಕೆಟ್ಟಿತ್ತು. ಹಾಗಾಗಿ ಎತ್ತರ ಇಳಿಸಲು ಅನುಮತಿ ಸಿಕ್ಕಿದ್ದು ಸುಮಾರು 80 ನಾಟಿಕಲ್ ಮೈಲಿ ಮಾತ್ರ ಉಳಿದಾಗ. ಸಾವಿರ ಅಡಿ ಇಳಿಯಲು 3 ಮೈಲಿ ಬೇಕೆನ್ನುವುದು ಪೈಲಟ್‌ಗಳ ಬಾಯಿಲೆಕ್ಕ. 37,000 ಅಡಿಗೆ 111 ಮೈಲಿ ಆಯಿತು. ಅಂದರೆ ಶುರುವಿನಲ್ಲೇ 30 ಮೈಲಿಯಷ್ಟು ಕೊರತೆ. ಎಚ್ಚರವಾಗಿದ್ದವರು ಸ್ಪೀಡ್ ಬ್ರೇಕ್ (ರೆಕ್ಕೆಯ ಮೇಲೆ ಎದ್ದು ಗಾಳಿ ತಡೆಯುವ ಹಲಗೆಗಳು) ಎಳೆದು, ಲ್ಯಾಂಡಿಂಗ್ ಗೇರ್ ಅಂದರೆ ಚಕ್ರಗಳನ್ನು ಬೇಗ ಇಳಿಸಿ ಸರಿದೂಗಿಸುತ್ತಾರೆ. ಆಗದಿದ್ದರೆ ಒಂದು ಸುತ್ತು ಹಾಕುತ್ತಾರೆ. ಇಲ್ಲಿ ವಿಮಾನ ಎತ್ತರದಲ್ಲೇ ಉಳಿಯಿತು, ಕೊನೆಗೆ ನಿಮಿಷಕ್ಕೆ ಸುಮಾರು 4,000 ಅಡಿ ವೇಗದಲ್ಲಿ ಧುಮುಕಿತು. ಲ್ಯಾಂಡಿಂಗ್ ಹತ್ತಿರ ಬಂದಾಗ ಇದು 1,000 ಅಡಿ ದಾಟಬಾರದು. 8,033 ಅಡಿ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಸಹ-ಪೈಲಟ್ ಮೂರು ಸಲ ಗೋ-ಅರೌಂಡ್ (ಇಳಿಯುವುದು ಬಿಟ್ಟು ಮತ್ತೆ ಮೇಲೇರಿ) ಎಂದಿದ್ದರು, ಯಂತ್ರದ ಎಚ್ಚರಿಕೆಗಳೂ ಕೂಗುತ್ತಿದ್ದವು, ಆದರೂ ಕ್ಯಾಪ್ಟನ್ ಇಳಿಸಲೇ ಮುಂದಾದರು. ಹಿಡಿದದ್ದನ್ನು ಬಿಡಲಾಗದ ಈ ಹಟ ದಣಿವಿನ ಖಾಸಾ ಲಕ್ಷಣ. ತೂಕಡಿಕೆಗಿಂತ ಇದೇ ಹೆಚ್ಚು ಅಪಾಯಕಾರಿ ಎಂದು ನನ್ನ ಅಭಿಪ್ರಾಯ.

ಹಾಗಾದರೆ ಕಣ್ಣು ಮುಚ್ಚಲೇಬಾರದಾ? ಮುಚ್ಚಬಹುದು, ಕ್ರಮ ತಪ್ಪದಿದ್ದರೆ. ಯುರೋಪಿನಲ್ಲಿ ಸೀಟಿನಲ್ಲೇ ನಿಯಂತ್ರಿತ ವಿಶ್ರಾಂತಿಗೆ ಅವಕಾಶವಿದೆ, ಅಮೆರಿಕದಲ್ಲಿ ಇಲ್ಲ (ನನಗೆ ಯುರೋಪಿನದೇ ಸರಿ ಅನಿಸುತ್ತದೆ, ಹೇಳದೆ ಕೇಳದೆ ಬರುವ ನಿದ್ದೆಗಿಂತ ಹೇಳಿ ಮಾಡುವುದು ಮೇಲು). ಕೆಲಸ ಕಡಿಮೆ ಇರುವಾಗ, ಒಬ್ಬರು ಮಾತ್ರ. ಇಂಧನ, ಹವಾಮಾನ, ರೇಡಿಯೋ ಫ್ರೀಕ್ವೆನ್ಸಿ ಎಲ್ಲ ಇನ್ನೊಬ್ಬರಿಗೆ ಒಪ್ಪಿಸಿ, ಸೀಟು ಹಿಂದಕ್ಕೆ ಸರಿಸಿ, ಬೆಲ್ಟ್ ಹಾಕಿಕೊಂಡು ಮಲಗಬೇಕು. ಗೊತ್ತಾದ ಸಮಯಕ್ಕೆ ಇಂಟರ್‌ಫೋನ್‌ನಲ್ಲಿ ಕರೆಯುವಂತೆ ಕ್ಯಾಬಿನ್ ಸಿಬ್ಬಂದಿಗೆ ಹೇಳಿರಬೇಕು, ಇಲ್ಲದಿದ್ದರೆ ಎಚ್ಚರವಾಗಿರಬೇಕಾದವರೂ ಮಲಗಿಬಿಡುತ್ತಾರೆ. 2024ರ ಜನವರಿಯಲ್ಲಿ ಇಂಡೊನೇಷ್ಯಾದ ಬಾಟಿಕ್ ಏರ್ ವಿಮಾನದಲ್ಲಿ ಆದದ್ದು ಅದೇ: ಸುಮಾರು 28 ನಿಮಿಷ ಇಬ್ಬರೂ ನಿದ್ದೆಯಲ್ಲಿದ್ದರು, ದಾರಿಯೂ ತಪ್ಪಿತ್ತು. ಮಿತಿ ಸಾಮಾನ್ಯವಾಗಿ 45 ನಿಮಿಷ, ಗಾಢ ನಿದ್ದೆಗೆ ಇಳಿಯುವ ಮೊದಲೇ ಎಬ್ಬಿಸುವುದಕ್ಕೆ. ಎದ್ದ ಮೇಲೆ 20 ನಿಮಿಷ ಯಾವ ಕೆಲಸವೂ ಇಲ್ಲ. ಕಾಫಿ ಕುಡಿಯುವವರು ಮಲಗುವ ಮೊದಲೇ ಕುಡಿದರೆ ಒಳ್ಳೆಯದು, ಅದು ಹತ್ತಲು 20-30 ನಿಮಿಷ ಬೇಕು.

ನಮ್ಮಲ್ಲಿ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ 2024ರಲ್ಲಿ ಪ್ರಕಟಿಸಿದ ನಿಯಮಗಳು ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದವು. ರಾತ್ರಿ ಎಂದರೆ 12ರಿಂದ 5 ಎಂದಿದ್ದುದು 6ರವರೆಗೆ ಆಯಿತು, ರಾತ್ರಿಯ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳಿಯಿತು. ಕೊನೆಯ ಹಂತ ಜಾರಿಯಾದದ್ದು 2025ರ ನವೆಂಬರ್‌ನಲ್ಲಿ. ಮರುತಿಂಗಳೇ ಪೈಲಟ್‌ಗಳು ಸಾಲದೆ ಇಂಡಿಗೋದ ಸಾವಿರಾರು ಹಾರಾಟ ರದ್ದಾಗಿ, ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಆದರೂ ನಿಯಮ ಅಳೆಯುವುದು ಗಂಟೆಯನ್ನು, ನಿದ್ದೆಯನ್ನಲ್ಲ. ಮಧ್ಯಾಹ್ನ ಹೋಟೆಲಿನಲ್ಲಿ 10 ಗಂಟೆ ಬಿಡುವು ಕೊಟ್ಟರೂ ಕಣ್ಣು ಹತ್ತುವುದು ನಾಲ್ಕೈದು ಗಂಟೆ ಇರಬಹುದು. ಅಂಥ ದಿನ ಪೈಲಟ್ ಮಾಡಬೇಕಾದದ್ದು ಡ್ಯೂಟಿಗೆ ಮೊದಲೇ ದಣಿವಿನ ವರದಿ ಕೊಟ್ಟು ಹಾರುವುದಿಲ್ಲ ಎನ್ನುವುದು. ಹಾಗೆಂದವರ ಸಂಬಳವನ್ನೋ ರೋಸ್ಟರನ್ನೋ ಮುಟ್ಟುವ ಸಂಸ್ಥೆಯಲ್ಲಿ ಆ ವರದಿ ಯಾರೂ ಬರೆಯುವುದಿಲ್ಲ.